ಕಂಪನಿ ನಾಣ್ಯ ಅಸಲಿನೋ ನಕಲಿನೋ, ಯಾರರ ಹೇಳ್ರಿ

ಬಾಗಲಕೋಟಿ ಹುಡುಗ:
ನಮಸ್ಕಾರ್ರಿ, ಅಜ್ಜಾರ ಟ್ರಂಕಿನ್ಯಾಗ ಎರಡು ನಾಣ್ಯ ಸಿಕ್ಕಾವು, ಒಂದ್ರಾಗ ರಾಮ ಸೀತಾ ಹನುಮಪ್ಪ ಅದಾರ, ಹಿಂದ ಈಸ್ಟ್ ಇಂಡಿಯಾ ಕಂಪನಿ 1818 ಅಂತ ಐತಿ, ಇನ್ನೊಂದು ಬೆಳ್ಳಿ ರೂಪಾಯಿ, ವಿಲಿಯಂ ರಾಜಂದು, 1835. ಯೂಟ್ಯೂಬಿನ್ಯಾಗ ರಾಮನ ನಾಣ್ಯಕ್ಕ ಲಕ್ಷಗಟ್ಟಲೆ ಬರ್ತೈತಿ ಅಂತಾರ, ಖರೇನ್ರಿ?

ಬೆಳಗಾವಿ ಕಾಕಾ:
ತಮ್ಮಾ, ರಾಮಂದು ಜಗಲಿ ಮ್ಯಾಲ ಇಟ್ಟು ಪೂಜಿ ಮಾಡು, ಕಂಪನಿಯವ್ರು ಅಂಥಾ ನಾಣ್ಯ ಹೊಡೆಸೇ ಇಲ್ಲ, ಆಮ್ಯಾಲ ಯಾರೋ ಮಾಡಿದ ಟೋಕನ್ ಅದು. ಲಕ್ಷ ಕೊಡ್ತೀವಿ ಅನ್ನಾವ್ರು ಮೊದಲ ರಿಜಿಸ್ಟ್ರೇಶನ್ ಫೀ ಕೇಳ್ತಾರ, ಒಂದ್ ಪೈಸಾನೂ ಹಾಕಬ್ಯಾಡ.

ಗೋಲಗುಮ್ಮಟ:
1835ರದು ಅಸಲಿ ಇರಬಹುದು. ಬಂಗಾರದಂಗಡ್ಯಾಗ ತೂಕ ಮಾಡಿಸ್ರಿ, ಒಂದು ತೊಲಿ ಅಂದ್ರ 11.66 ಗ್ರಾಂ ಬರಬೇಕು, ಸವೆದಿದ್ರ ಸ್ವಲ್ಪ ಕಮ್ಮಿ ನಡೀತೈತಿ, 9 ಬಂತಂದ್ರ ಮುಗೀತು. ಅಂಚಿನ ಗೀರು ಸುತ್ತಲೂ ಒಂದೇ ಸಮ ಇರಬೇಕು, ನಡುವ ಬೆಸುಗಿ ಗೆರಿ ಕಂಡ್ರ ಅಥವಾ ಮುಖದ ಮ್ಯಾಲ ಸಣ್ಣ ಸಣ್ಣ ತೂತಿದ್ರ ಅಚ್ಚಿಗೆ ಹೊಯ್ದ ನಕಲಿ ಮಾಲು. ವಿಲಿಯಂ ಹೆಸರಿನ ಮುಂದ ನಾಲ್ಕಕ್ಕ IV ಬದಲು IIII ಅಂತ ನಾಲ್ಕು ಕಡ್ಡಿ ಗೀಚ್ಯಾರ, ಅದನ್ನ ನೋಡಿ ನಕಲಿ ಅನ್ನಬ್ಯಾಡ್ರಿ, ಅಸಲಿನ್ಯಾಗೂ ಹಂಗ ಐತಿ.

ಬಾಗಲಕೋಟಿ ಹುಡುಗ:
ಮ್ಯಾಗ್ನೆಟ್ ಹಿಡದ್ನಿ, ಅಂಟಲಿಲ್ಲ, ಅಸಲಿನ ಅಲ್ರೀ?

ಗೋಲಗುಮ್ಮಟ:
ಹಿತ್ತಾಳಿನೂ ಅಂಟಂಗಿಲ್ಲಲ್ರೀ 😄 ಅಂಟಿದ್ರ ನಕಲಿ ಅನ್ನಬಹುದು ಅಷ್ಟ. ಅಂಚಿನ ಫೋಟೋ ಹಾಕ್ರಿ, ಮತ್ತ ದಯಮಾಡಿ ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ, ಫಳಫಳ ಹೊಳದ್ರ ನಾಣ್ಯ ಕೂಡಿಸೋ ಮಂದಿ ಅರ್ಧ ರೇಟಿಗೂ ಕೇಳಂಗಿಲ್ಲ.