ಅಪ್ಪನ ಹಾರ್ಟ್ ರಕ್ತನಾಳ ಊದಿದೆಯಂತೆ, ಆಪರೇಷನ್ ಬೇಕೇಬೇಕಾ?

ಡೊಂಬಿವಲಿ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64, ಎದೆನೋವು ಅಂತ ಆಂಜಿಯೋಗ್ರಾಫಿ ಮಾಡ್ಸಿದ್ವಿ, ಬಲಗಡೆ ಕೊರೊನರಿ ಆರ್ಟರಿ (ಹಾರ್ಟ್‌ಗೆ ರಕ್ತ ಕೊಡೋ ನಾಳ) ಒಂದ್ಕಡೆ ಬಲೂನ್ ತರ ಊದಿದೆ, 22 ಮಿ.ಮೀ., ಅನ್ಯೂರಿಸಂ ಅಂತೆ, ಜೊತೆಗೆ ಬ್ಲಾಕೂ ಇದೆ. ಒಬ್ರು ಸ್ಟೆಂಟ್ (ನಾಳದೊಳಗೆ ಇಡೋ ಜಾಲರಿ ಕೊಳವೆ) ಅಂದ್ರು, ಇನ್ನೊಬ್ರು ಓಪನ್ ಸರ್ಜರಿನೇ ಅಂದ್ರು. ಒಡೆದುಬಿಟ್ರೆ ಅಂತ ನಿದ್ದೆನೇ ಬರ್ತಿಲ್ಲ.

ಪುಣೆಯಲ್ಲಿರೋ ವಿಜಯಪುರದವ:
ಅಂಜಬ್ಯಾಡ್ರಿ ತಂಗಿ. ನಮ್ಮ ಕಾಕಾಗೂ ಇದ ಆಗಿತ್ತು. ಒಡಿಯೂದು ಭಾಳ ಅಪರೂಪ ಅಂತ ಸರ್ಜನ್ ಹೇಳಿದ್ರು, ಖರೇ ಅಪಾಯ ಅಂದ್ರ ಊದಿದ ಜಾಗಾದಾಗ ರಕ್ತ ನಿಧಾನ ಆಗಿ ಹೆಪ್ಪುಗಟ್ಟಿ ಅಟ್ಯಾಕ್ ಆಗೂದು. ಅವರಿಗೆ ಊದಿದ ಭಾಗದ ಹಿಂದ ಮುಂದ ಕಟ್ಟಿ ಮುಚ್ಚಿ, ಕಾಲಿನ ರಕ್ತನಾಳ ತಗದು ಅದರ ಆಚೆಗೆ ಬೈಪಾಸ್ ಜೋಡಿಸಿದ್ರು. ಈಗ ದಿನಾ ವಾಕಿಂಗ್ ಹೊಕ್ಕಾರ.

ಥಾಣೆ ನರ್ಸ್:
ಅಕ್ಕ, ಪಕ್ಕದ ನಾರ್ಮಲ್ ನಾಳಕ್ಕಿಂತ ಒಂದೂವರೆ ಪಟ್ಟು ಅಗಲ ಆದ್ರೇನೇ ಅನ್ಯೂರಿಸಂ ಅಂತಾರೆ, ದೊಡ್ಡವರಲ್ಲಿ 20 ಮಿ.ಮೀ. ದಾಟಿದ್ರೆ ಸಾಮಾನ್ಯವಾಗಿ ಜೈಂಟ್, ಅಂದ್ರೆ ತುಂಬಾ ದೊಡ್ಡದು ಅಂತ ಲೆಕ್ಕ. ಕವರ್ಡ್ ಸ್ಟೆಂಟ್ (ಜಾಲರಿಗೆ ಪದರ ಹೊದಿಸಿರೋ ಸ್ಟೆಂಟ್) ಹಾಕಿದ್ರೆ ಅಲ್ಲಿಂದ ಹೊರಡೋ ಕವಲು ನಾಳನೂ ಮುಚ್ಚಿಹೋಗ್ಬಹುದು, ಅಲ್ಲಿ ದೊಡ್ಡ ಕವಲು ಇದೆಯಾ ಅಂತ ಕೇಳಿ. ಆಂಜಿಯೋಗ್ರಾಫಿ ಸಿಡಿ ತಗೊಂಡು ಕಾರ್ಡಿಯಾಲಜಿಸ್ಟ್, ಸರ್ಜನ್ ಇಬ್ರನ್ನೂ ಒಟ್ಟಿಗೆ ಕೂರಿಸಿ ಮಾತಾಡಿ ಪ್ಲೀಸ್. ರಕ್ತ ತೆಳು ಮಾಡೋ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ.

ಡೊಂಬಿವಲಿ ಮಗಳು:
ತುಂಬಾ ಥ್ಯಾಂಕ್ಸ್ ಅಣ್ಣ, ಅಕ್ಕ. ಕವಲಿನ ವಿಷಯ ಯಾರೂ ಹೇಳಿರ್ಲಿಲ್ಲ, ಸೋಮವಾರ ಸಿಡಿ ಹಿಡ್ಕೊಂಡು ಹೋಗ್ತೀನಿ.