ಬಿಸಿ ಮೊದಲೋ, ಕಾರ್ಬನ್ ಡೈಆಕ್ಸೈಡ್ ಮೊದಲೋ?

ಶಿಡ್ಲಘಟ್ಟದ ಹುಡುಗ:
ನಮ್ಮ ಮಾವನ ಜೊತೆ ವಾದ ನಡೀತಿದೆ, ಗೊತ್ತಿರುವವರು ಹೇಳಿ. ಅಂಟಾರ್ಕ್ಟಿಕಾದ ಹಳೇ ಮಂಜುಗಡ್ಡೆ ಕೊರೆದು ಮಾಡಿದ ಗ್ರಾಫ್ ಒಂದನ್ನು ಯೂಟ್ಯೂಬ್‌ನಲ್ಲಿ ನೋಡಿದ್ದಾರೆ. ಅದರಲ್ಲಿ ಮೊದಲು ಬಿಸಿ ಏರಿದೆ, ಆಮೇಲೆ ಸಿಒ2 (ಕಾರ್ಬನ್ ಡೈಆಕ್ಸೈಡ್) ಏರಿದೆ. ಹಾಗಾದರೆ ಸಿಒ2ನಿಂದ ಭೂಮಿ ಕಾಯುತ್ತಿದೆ ಅನ್ನೋದೆಲ್ಲ ಬೊಗಳೆ ಅಂತಾರೆ. ಗ್ರಾಫೇ ಸುಳ್ಳಾ?

ಮಾಲೂರು ಮೇಷ್ಟ್ರು:
ಗ್ರಾಫ್ ಸುಳ್ಳಲ್ಲಪ್ಪ. ಆದರೆ ಅದು ಅಂಟಾರ್ಕ್ಟಿಕಾ ಒಂದರ ಬಿಸಿ, ಇಡೀ ಭೂಮಿಯದಲ್ಲ. ಹಿಮಯುಗ ಮುಗಿಯೋದಕ್ಕೆ ಮೊದಲ ಕಾರಣ ಭೂಮಿ ಸೂರ್ಯನನ್ನು ಸುತ್ತುವ ದಾರಿಯೂ ಅದರ ವಾಲುವಿಕೆಯೂ ನಿಧಾನವಾಗಿ ಬದಲಾಗಿದ್ದು. ಅದರಿಂದ ಸಮುದ್ರ ಸ್ವಲ್ಪ ಕಾಯಿತು, ಕಾದ ಸೋಡಾದಿಂದ ಗ್ಯಾಸ್ ಹೋದಂತೆ ಸಿಒ2 ಆಚೆ ಬಂತು, ಬಂದ ಸಿಒ2 ಬಿಸಿಯನ್ನು ಇನ್ನೂ ಜಾಸ್ತಿ ಮಾಡಿತು. ಒಂದು ಕಡೆ ಫಲ, ಇನ್ನೊಂದು ಕಡೆ ಕಾರಣ, ಎರಡೂ ಅದೇ.

ಈ ಸಲ ಶುರುವಾಗಿದ್ದೇ ಸಿಒ2ನಿಂದ. 8 ಲಕ್ಷ ವರ್ಷದ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಗಾಳಿಯಲ್ಲಿ ಅದು ಸುಮಾರು 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 300) ದಾಟಿಲ್ಲ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು ಇತ್ತು, ಈಗ 420 ದಾಟಿದೆ. ಸಮುದ್ರದಿಂದ ಬಂದಿದ್ದರೆ ಸಮುದ್ರದಲ್ಲಿ ಕಡಿಮೆ ಆಗಬೇಕಿತ್ತು. ಅಲ್ಲೂ ಜಾಸ್ತಿಯಾಗಿದೆ, ನೀರು ಹುಳಿಯ ಕಡೆಗೆ ವಾಲುತ್ತಿದೆ. ಎಲ್ಲಿಂದ ಬಂತು ಅನ್ನೋದಕ್ಕೆ ಗುರುತೂ ಇದೆ: ಕಲ್ಲಿದ್ದಲು, ಪೆಟ್ರೋಲಿನ ಕಾರ್ಬನ್‌ನಲ್ಲಿ ಕಾರ್ಬನ್-13 (ಕಾರ್ಬನ್‌ನದೇ ಸ್ವಲ್ಪ ಭಾರದ ರೂಪ) ಕಡಿಮೆ, ಗಾಳಿಯಲ್ಲೂ ಅದರ ಪಾಲು ಇಳಿಯುತ್ತಾ ಬಂದಿದೆ.

ಪಾವಗಡದ ಬಿಸಿಲು:
ಮೇಷ್ಟ್ರೇ, ಸೂರ್ಯನೇ ಜಾಸ್ತಿ ಸುಡ್ತಿದ್ದರೆ? ಇಲ್ಲಿ ಸೋಲಾರ್ ಪಾರ್ಕ್ ಪಕ್ಕ ನಿಂತರೆ ಹಾಗೇ ಅನ್ನಿಸುತ್ತೆ 😄

ಮಾಲೂರು ಮೇಷ್ಟ್ರು:
ಸೂರ್ಯನೇ ಕಾರಣ ಆಗಿದ್ದರೆ ವಾತಾವರಣದ ಮೇಲಿನ ಪದರ, ಸ್ಟ್ರಾಟೋಸ್ಫಿಯರ್, ಅದೂ ಕಾಯಬೇಕಿತ್ತು. ಉಪಗ್ರಹದ ಲೆಕ್ಕದಲ್ಲಿ ಕೆಳಗೆ ಬಿಸಿ, ಮೇಲೆ ತಂಪು. ಸಿಒ2 ಜಾಸ್ತಿಯಾದರೆ ಆಗೋದೇ ಹೀಗೆ.

ಕೋಲಾರದ ಟೊಮೆಟೊ:
ಒಂದು ಮಾತು ಸೇರಿಸ್ತೀನಿ. ನಮ್ಮ ಬೋರ್‌ವೆಲ್ ಸಾವಿರ ಅಡಿ ದಾಟಿದ್ದಕ್ಕೂ ಸಿಒ2ವನ್ನೇ ಬೈಯಬೇಡಿ. ಕೆರೆ ಹೂಳು ತೆಗೆಯದೆ, ನೀಲಗಿರಿ ನೆಟ್ಟು, ಕಂಡಕಂಡಲ್ಲಿ ಕೊರೆಸಿದವರು ನಾವೇ.

ಶಿಡ್ಲಘಟ್ಟದ ಹುಡುಗ:
ಮಾವನಿಗೆ ತೋರಿಸಿದೆ. ಸೋಲೊಪ್ಪೋ ಜನ ಅಲ್ಲ ಅವರು. 1940ರಿಂದ 70ರ ತನಕ ಸಿಒ2 ಏರಿದರೂ ಬಿಸಿ ಯಾಕೆ ಏರಲಿಲ್ಲ ಅಂತ ಹೊಸ ಪ್ರಶ್ನೆ ಹಾಕಿದ್ದಾರೆ.

ಮಾಲೂರು ಮೇಷ್ಟ್ರು:
ಒಳ್ಳೇ ಪ್ರಶ್ನೆ, ಮಾವ ಗಟ್ಟಿಗರು. ಆಗ ಕಾರ್ಖಾನೆ ಹೊಗೆಯಲ್ಲಿ ಗಂಧಕ ವಿಪರೀತ ಇತ್ತು. ಅದರ ಸಣ್ಣ ಕಣಗಳು ಬಿಸಿಲನ್ನು ವಾಪಸ್ ಕಳಿಸಿ ಬಿಸಿಯನ್ನು ಒಂದಿಷ್ಟು ಮುಚ್ಚಿಟ್ಟವು. 1991ರಲ್ಲಿ ಫಿಲಿಪೈನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗಲೂ ಇಂಥದೇ ಗಂಧಕದ ಕಣ ಮೇಲೇರಿ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು. ಆ ಕಣ ಒಂದೆರಡು ವರ್ಷಕ್ಕೆ ಕೆಳಗೆ ಬಿತ್ತು, ಬಿಸಿ ಮತ್ತೆ ಏರಿತು.