ಎಣ್ಣೆಗಪ್ಪು ಮೈಬಣ್ಣ, ಕೆಂಪು ಕಲ್ಲಿನ ಒಡವೆ: ಚಿತ್ರೀಕರಣಕ್ಕೆ ಮೈಗೆ ಏನು ಹಚ್ಚಬೇಕು?

ಬೆಳಕಿನಬೇಟೆ:
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಟೆಂಪಲ್ ಜ್ಯುವೆಲರಿಯ ಚಿತ್ರೀಕರಣವಿದೆ. ರೂಪದರ್ಶಿಯವರದು ಎಣ್ಣೆಗಪ್ಪು ಮೈಬಣ್ಣ. ಮೊಳಕಾಲ್ಮೂರು ರೇಷ್ಮೆ ಸೀರೆ, ಕೊರಳಿಗೆ ಕೆಂಪು ಕಲ್ಲಿನ ಅಡ್ಡಿಕೆ, ತೋಳಿಗೆ ವಂಕಿ ಎಂದು ನಿಶ್ಚಯವಾಗಿದೆ. ಹೆಗಲು, ಕೊರಳಿನ ಕೆಳಗಿನ ಎಲುಬು ಮತ್ತು ತೋಳುಗಳ ಮೇಲೆ ಹದವಾದ ಹೊಳಪು ಬೇಕು, ಆದರೆ ಬೆವರಿದಂತೆ ಕಾಣಬಾರದು. ಕೆಲವು ಚಿತ್ರಗಳಲ್ಲಿ ಅವರು ಕೈಯಲ್ಲಿ ಉರಿಯುವ ಹಣತೆ ಹಿಡಿದಿರುತ್ತಾರೆ. ಕೊಬ್ಬರಿ ಎಣ್ಣೆ, ಬೇಬಿ ಆಯಿಲ್, ಗ್ಲಿಸರಿನ್, ಬಾಡಿ ಹೈಲೈಟರ್ (ಮೈಗೆ ಹಚ್ಚುವ ಮಿನುಗು ಪ್ರಸಾಧನ) ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅನುಭವಸ್ಥರು ಕಾರಣಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ಕರಾವಳಿ ಕ್ಯಾಮೆರಾ:
ಕೊಬ್ಬರಿ ಎಣ್ಣೆಯನ್ನು ಬಿಟ್ಟು ಬೇರೆ ಯೋಚಿಸುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮವರ ಮೈಗೆ ಅದು ಹುಟ್ಟಿನಿಂದ ಪರಿಚಿತ. ಆದ್ದರಿಂದ ರೂಪದರ್ಶಿಯೂ ಹಿಂಜರಿಯುವುದಿಲ್ಲ, ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಬೆಲೆಯೂ ಹೊರೆಯಲ್ಲ. ಅಂಗೈಯಲ್ಲಿ ನಾಲ್ಕು ಹನಿ ತಿಕ್ಕಿ, ಹೆಗಲಿನಿಂದ ಮೊಣಕೈವರೆಗೆ ಒಂದೇ ದಿಕ್ಕಿನಲ್ಲಿ ಸವರಿ, ಹತ್ತು ನಿಮಿಷ ಬಿಟ್ಟು, ಮೃದುವಾದ ಹತ್ತಿ ಬಟ್ಟೆಯಿಂದ ಒತ್ತಿ ತೆಗೆದರೆ ಉಳಿಯುವ ಹೊಳಪು ಮೈಯದೇ ಎನ್ನುವಂತೆ ಕಾಣುತ್ತದೆ. ಬೇಬಿ ಆಯಿಲ್ ಹಚ್ಚಿದ ಮೈ ಪ್ಲಾಸ್ಟಿಕ್ಕಿನಂತೆ ಕಾಣುವುದನ್ನು ನಾನು ಅನೇಕ ಜಾಹೀರಾತುಗಳಲ್ಲಿ ನೋಡಿದ್ದೇನೆ.

ಬಣ್ಣದ ಪೆಟ್ಟಿಗೆ:
ನಾನು ವೃತ್ತಿಯಿಂದ ಪ್ರಸಾಧನ ಕಲಾವಿದೆ. ಕರಾವಳಿಯವರು ಹೇಳಿದ ಹಚ್ಚುವ ಕ್ರಮವನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ಈ ಚಿತ್ರೀಕರಣಕ್ಕೆ ಕೊಬ್ಬರಿ ಎಣ್ಣೆ ಸೂಕ್ತವಲ್ಲ ಎಂದು ಹೇಳಲೇಬೇಕಾಗಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಎ.ಸಿ. ಹಾಕಿದ ಸ್ಟುಡಿಯೋದಲ್ಲಿ ಬಾಟಲಿಯಲ್ಲಿ ಹರಳುಗಟ್ಟುತ್ತದೆ ಎನ್ನುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಸೀರೆಯದು. ರವಿಕೆಯ ಅಂಚಿಗೆ, ಸೆರಗಿಗೆ ತಗುಲಿದ ಎಣ್ಣೆ ರೇಷ್ಮೆಯಲ್ಲಿ ಹರಡಿ ಕಪ್ಪು ಕಲೆಯಾಗಿ ನಿಲ್ಲುತ್ತದೆ, ಮತ್ತು ಸೀರೆಯನ್ನು ಅಂಗಡಿಗೆ ಹಿಂದಿರುಗಿಸುವ ಕರಾರಿದ್ದರೆ ಆ ಕಲೆಯ ಬೆಲೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ.

ಒಡವೆಯ ವಿಷಯ ಇನ್ನೂ ಸೂಕ್ಷ್ಮ. ಸಾಂಪ್ರದಾಯಿಕ ಕೆಂಪು ಕಲ್ಲಿನ ಒಡವೆಗಳಲ್ಲಿ ಕಲ್ಲಿನ ಹಿಂದೆ ತೆಳುವಾದ ಲೋಹದ ಹಾಳೆ ಇರಿಸಿ, ಒಳಗೆ ಅರಗು ತುಂಬಿ ಕೂರಿಸಿರುತ್ತಾರೆ. ಎಣ್ಣೆಯಾಗಲಿ ನೀರಾಗಲಿ ಅಂಚಿನಿಂದ ಒಳಗಿಳಿದರೆ ಹಾಳೆ ಮಂಕಾಗಿ, ಆ ಒಂದು ಕಲ್ಲು ಉಳಿದವುಗಳ ನಡುವೆ ಸತ್ತಂತೆ ಕಾಣುತ್ತದೆ. ಆದ್ದರಿಂದ ಮೊದಲು ಸೀರೆ ಉಡಿಸಿ, ಒಡವೆ ತೊಡಿಸಿ, ಅನಂತರ ಅಡ್ಡಿಕೆಯ ಸುತ್ತ ಒಂದು ಬೆರಳಗಲ ಜಾಗ ಬಿಟ್ಟು, ಚಪ್ಪಟೆ ಬ್ರಷ್ಷಿನಿಂದ ಮಾತ್ರ ಹಚ್ಚಬೇಕು. ಕೈಯಿಂದ ಸವರಿದರೆ ಆ ಹಿಡಿತ ಸಿಗುವುದಿಲ್ಲ. ವಂಕಿಯ ಕೆಳಗಂತೂ ಏನೂ ಬೇಡ, ಜಾರಿ ಇಳಿಯುತ್ತದೆ.

ನನ್ನ ಆಯ್ಕೆ ಸಿಲಿಕೋನ್ ಆಧಾರಿತ ಡ್ರೈ ಆಯಿಲ್. ಅದರಲ್ಲಿನ ಹಗುರ ಭಾಗ ಕೆಲವು ನಿಮಿಷಗಳಲ್ಲಿ ಆರಿಹೋಗುತ್ತದೆ, ಉಳಿದ ಪದರ ಕೈಗೆ ಅಂಟುವುದಿಲ್ಲ, ಬಟ್ಟೆಗೆ ತಗುಲುವುದು ಕಡಿಮೆ.

ಮೇಷ್ಟ್ರು:
ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವವನು, ಬಿಡುವಿನಲ್ಲಿ ಛಾಯಾಗ್ರಾಹಕ. ಇಬ್ಬರ ಮಾತಿಗೂ ಒಂದು ಆಧಾರ ಸೇರಿಸುತ್ತೇನೆ. ಚರ್ಮದಿಂದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಂದು ಭಾಗ ಚರ್ಮದೊಳಗೆ ಹೊಕ್ಕು, ಮೆಲನಿನ್ ಮತ್ತು ರಕ್ತದ ಬಣ್ಣ ಹೊತ್ತು, ಎಲ್ಲ ದಿಕ್ಕಿಗೂ ಚೆದುರಿ ಹೊರಬರುತ್ತದೆ. ಇನ್ನೊಂದು ಭಾಗ ಒಳಹೋಗದೆ ಮೇಲ್ಮೈಯಿಂದಲೇ ಕನ್ನಡಿಯಲ್ಲಿ ಆದಂತೆ ಪ್ರತಿಫಲಿಸುತ್ತದೆ. ನಾವು ಹೊಳಪು ಎನ್ನುವುದು ಇದನ್ನೇ. ಒಣ ಚರ್ಮದ ಮೇಲ್ಮೈ ಒರಟಾಗಿರುವುದರಿಂದ ಈ ಎರಡನೆಯ ಭಾಗವೂ ಚದುರಿ ಬೂದುಬಣ್ಣದ ಮುಸುಕಿನಂತೆ ಕಾಣುತ್ತದೆ. ಎಣ್ಣೆ ಆ ತಗ್ಗುಗಳನ್ನು ತುಂಬಿ ಮೇಲ್ಮೈಯನ್ನು ನಯಗೊಳಿಸುತ್ತದೆ. ಅದರಿಂದ ಹೊಳಪು ಒಂದೆಡೆ ಕೂಡಿಕೊಳ್ಳುತ್ತದೆ, ಉಳಿದೆಡೆ ಚರ್ಮದ ನಿಜವಾದ ಬಣ್ಣ ಗಾಢವಾಗಿ ತೋರುತ್ತದೆ.

ಯಾವ ದ್ರವ ಎಷ್ಟು ಹೊಳೆಯುತ್ತದೆ ಎಂಬುದು ಅದರ ವಕ್ರೀಭವನ ಸೂಚ್ಯಂಕವನ್ನು, ಅಂದರೆ ಅದರೊಳಗೆ ಹೊಕ್ಕಾಗ ಬೆಳಕು ಎಷ್ಟು ಬಾಗುತ್ತದೆ ಎಂಬುದರ ಅಳತೆಯನ್ನು, ಅವಲಂಬಿಸಿದೆ. ನೀರಿನದು 1.33, ಸಾಮಾನ್ಯ ಡೈಮೆಥಿಕೋನ್ ಸಿಲಿಕೋನಿನದು ಸುಮಾರು 1.40, ಕೊಬ್ಬರಿ ಎಣ್ಣೆಯದು ಸುಮಾರು 1.45, ಬೇಬಿ ಆಯಿಲ್ಲಿನ ಮಿನರಲ್ ಆಯಿಲ್ ಹಾಗೂ ಗ್ಲಿಸರಿನ್ ಸುಮಾರು 1.47. ಲೆಕ್ಕ ಹಾಕಿದರೆ, ನೇರವಾಗಿ ಬೀಳುವ ಬೆಳಕಿನಲ್ಲಿ ನೀರು ಸುಮಾರು ಶೇ. 2ರಷ್ಟನ್ನೂ ಈ ಸಿಲಿಕೋನ್ ಶೇ. 2.8ರಷ್ಟನ್ನೂ ಮಿನರಲ್ ಆಯಿಲ್ ಶೇ. 3.6ರಷ್ಟನ್ನೂ ಪ್ರತಿಫಲಿಸುತ್ತವೆ. ಹೀಗಾಗಿ ಕೊಬ್ಬರಿ ಎಣ್ಣೆಗೂ ಬೇಬಿ ಆಯಿಲ್ಲಿಗೂ ಹೊಳಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ‘ಪ್ಲಾಸ್ಟಿಕ್’ ನೋಟ ಬರುವುದು ದಪ್ಪನಾಗಿ ಹಚ್ಚಿದ್ದರಿಂದ, ಅದಕ್ಕಿಂತ ಹೆಚ್ಚಾಗಿ ಸಣ್ಣ, ಗಡುಸು ದೀಪದಿಂದ. ಡ್ರೈ ಆಯಿಲ್ ಮೃದುವಾಗಿ ಕಾಣುವುದಕ್ಕೂ ಈ ಅಂಕಿಗಳಲ್ಲಿ ಒಂದಿಷ್ಟು ಕಾರಣವಿದೆ.

ಅಂಚಿನ ಬೆಳಕು:
ಇಷ್ಟೆಲ್ಲ ತೊಂದರೆ ಏಕೆ? ನಾನು ರೀಟಚಿಂಗ್ ಮಾಡುವವನು. ಏನೂ ಹಚ್ಚದೆ ಚಿತ್ರ ತೆಗೆದುಕೊಡಿ, ಬೇಕಾದಲ್ಲಿ ಹೊಳಪನ್ನು ಕಂಪ್ಯೂಟರಿನಲ್ಲಿ ಕೂರಿಸಬಹುದು. ಸೀರೆಗೂ ಒಡವೆಗೂ ಚರ್ಮಕ್ಕೂ ಕ್ಷೇಮ. ಎಣ್ಣೆ ಹಚ್ಚಿ ತೆಗೆದ ಚಿತ್ರಗಳಲ್ಲಿ ಹೆಗಲ ಮೇಲೆ ಬಿಳಿಯಾಗಿ ಸುಟ್ಟುಹೋದ ತೇಪೆಗಳನ್ನು ಸರಿಪಡಿಸುವುದರಲ್ಲೇ ನನ್ನ ಅರ್ಧ ದಿನ ಕಳೆಯುತ್ತದೆ. ಅಲ್ಲಿ ಮಾಹಿತಿಯೇ ಇಲ್ಲದಿರುವಾಗ ಮರಳಿ ತರುವುದಾದರೂ ಏನನ್ನು?

ಮೇಷ್ಟ್ರು:
ಸುಟ್ಟ ತೇಪೆಗಳ ಬಗ್ಗೆ ನಿಮ್ಮ ಸಂಕಟ ನ್ಯಾಯವಾದದ್ದು, ಆದರೆ ಪರಿಹಾರ ದೀಪದಲ್ಲಿದೆ. ಹೊಳಪೆಂದರೆ ದೀಪದ ಪ್ರತಿಬಿಂಬ. ದೀಪ ಸಣ್ಣದಾದರೆ ಪ್ರತಿಬಿಂಬವೂ ಸಣ್ಣ, ತೀಕ್ಷ್ಣ ಚುಕ್ಕೆ. ದೊಡ್ಡ ಸಾಫ್ಟ್‌ಬಾಕ್ಸ್ (ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿದ ಪೆಟ್ಟಿಗೆ) ಆದರೆ ಅದು ಹೆಗಲಿನುದ್ದಕ್ಕೂ ಹರಡಿದ ಹದವಾದ ಪಟ್ಟಿ. ಇನ್ನೊಂದು ಅಂಶವನ್ನು ಅನೇಕರು ಗಮನಿಸುವುದಿಲ್ಲ. ಸಾಫ್ಟ್‌ಬಾಕ್ಸನ್ನು ಹತ್ತಿರ ತಂದರೆ ಚರ್ಮದ ಚದುರಿದ ಬೆಳಕು ಹೆಚ್ಚುತ್ತದೆ, ಆದರೆ ಪ್ರತಿಬಿಂಬದ ಪ್ರಖರತೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಗಾತ್ರವಷ್ಟೇ ದೊಡ್ಡದಾಗುತ್ತದೆ. ಆಗ ಎಕ್ಸ್‌ಪೋಷರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ತಗ್ಗಿಸಿದರೆ ಹೊಳಪಿಗೂ ಮೈಬಣ್ಣಕ್ಕೂ ನಡುವಿನ ಅಂತರ ಕಿರಿದಾಗಿ, ಬಿಳಿಯಾಗಿ ಸುಡುವುದು ನಿಲ್ಲುತ್ತದೆ. ದೂರ ಒಯ್ದರೆ ಇದರ ವಿರುದ್ಧ ಪರಿಣಾಮ.

ಎಣ್ಣೆಗಪ್ಪು ಮೈಬಣ್ಣಕ್ಕೆ ಇದು ವಿಶೇಷವಾಗಿ ಮುಖ್ಯ. ಮೇಲ್ಮೈಯ ಪ್ರತಿಫಲನ ಬೆಳ್ಳಗಿನ ಚರ್ಮಕ್ಕೂ ಕಪ್ಪು ಚರ್ಮಕ್ಕೂ ಹೆಚ್ಚುಕಡಿಮೆ ಒಂದೇ. ಒಳಗಿನಿಂದ ಬರುವ ಬೆಳಕು ಕಪ್ಪು ಚರ್ಮದಲ್ಲಿ ಕಡಿಮೆಯಾದ್ದರಿಂದ ಅದೇ ಹೊಳಪು ಹೆಚ್ಚು ಎದ್ದು ಕಾಣುತ್ತದೆ. ಹೆಗಲಿನ ದುಂಡು, ಎಲುಬಿನ ಏಣು, ತೋಳಿನ ತಿರುವು ಚಿತ್ರದಲ್ಲಿ ಮೂಡುವುದು ಈ ಹೊಳಪಿನಿಂದಲೇ. ಅದನ್ನು ಪೌಡರಿನಿಂದ ಮುಚ್ಚಿ, ಆಮೇಲೆ ಕಂಪ್ಯೂಟರಿನಲ್ಲಿ ಊಹಿಸಿ ಬರೆಯುವುದಕ್ಕಿಂತ ಕ್ಯಾಮೆರಾದಲ್ಲೇ ಹಿಡಿಯುವುದು ಲೇಸು. ಪೋಲರೈಸರ್ ಫಿಲ್ಟರ್ ಮಾತ್ರ ಬಳಸಬೇಡಿ. ಮೇಲ್ಮೈಗೆ ಲಂಬವಾದ ರೇಖೆಯಿಂದ ಅಳೆದರೆ ಸುಮಾರು 56 ಡಿಗ್ರಿ ಕೋನದಲ್ಲಿ ಎಣ್ಣೆಯಿಂದ ಬರುವ ಪ್ರತಿಫಲನವನ್ನು ಅದು ಬಹುಮಟ್ಟಿಗೆ ಅಳಿಸಿಹಾಕಬಲ್ಲದು.

ನಡುಹಗಲು:
ನಾನು ಕೆಲವು ವರ್ಷಗಳಿಂದ ರೂಪದರ್ಶಿಯಾಗಿ ಕೆಲಸ ಮಾಡುತ್ತಿದ್ದೇನೆ, ನನ್ನದೂ ಕಪ್ಪು ಮೈಬಣ್ಣ. ಇಲ್ಲಿಯವರೆಗಿನ ಚರ್ಚೆಯಲ್ಲಿ ಸೀರೆಯ ಕ್ಷೇಮ ಬಂತು, ಒಡವೆಯ ಕ್ಷೇಮ ಬಂತು, ಚರ್ಮದ ಒಡತಿಯನ್ನು ಕೇಳಬೇಕೆಂಬ ಮಾತನ್ನು ಯಾರೂ ಎತ್ತಲಿಲ್ಲ. ಬಾದಾಮಿ ಎಣ್ಣೆ ಆಗದವರಿದ್ದಾರೆ, ಸುಗಂಧ ಬೆರೆಸಿದ್ದು ತಾಗಿದರೆ ತುರಿಕೆ ಏಳುವವರಿದ್ದಾರೆ, ಮೊಡವೆಯ ಚರ್ಮದವರು ಕೊಬ್ಬರಿ ಎಣ್ಣೆಯನ್ನು ಮುಖಕ್ಕೂ ಬೆನ್ನಿಗೂ ಹಚ್ಚಿಸಿಕೊಂಡು ಅನಂತರ ವಾರಗಟ್ಟಲೆ ಅನುಭವಿಸುವುದುಂಟು. ಏನು ಹಚ್ಚಲಿದ್ದೀರಿ ಎಂಬುದನ್ನು ಎರಡು ದಿನ ಮೊದಲೇ ತಿಳಿಸಿ, ಸಾಧ್ಯವಾದರೆ ಅದನ್ನೇ ಸ್ವಲ್ಪ ಕಳುಹಿಸಿಕೊಡಿ. ಮೊಣಕೈ ಮಡಿಕೆಯಲ್ಲಿ ಹಚ್ಚಿ ಒಂದು ದಿನ ನೋಡಿಕೊಳ್ಳಲು ಅವರಿಗೆ ಅವಕಾಶವಾಗುತ್ತದೆ.

ಎರಡನೆಯದಾಗಿ, ಹೊಳಪಿನ ಹೆಸರಿನಲ್ಲಿ ಬಣ್ಣ ತಿಳಿ ಮಾಡುವ ಕೆಲಸ ನಡೆಯುತ್ತದೆ. ಬೆಳ್ಳಿಯ ಛಾಯೆಯ ಹೈಲೈಟರನ್ನು ತೋಳು ತುಂಬ ಬಳಿದು, ‘ಈಗ ಚೆನ್ನಾಗಿ ಕಾಣುತ್ತೀರಿ’ ಎಂದು ಹೇಳಿಸಿಕೊಂಡವಳು ನಾನು. ಕಪ್ಪು ಚರ್ಮದ ಮೇಲೆ ಬೆಳ್ಳಿಯ ಪುಡಿ ಬೂದಿ ಬಳಿದಂತೆ ಕಾಣುತ್ತದೆ. ಹೈಲೈಟರ್ ಬೇಕೇಬೇಕೆಂದರೆ ತಾಮ್ರ ಅಥವಾ ಹಳೆಯ ಚಿನ್ನದ ಛಾಯೆಯದನ್ನು ಆರಿಸಿ, ಎಲುಬಿನ ಏಣಿನ ಮೇಲೆ ಮಾತ್ರ ಹಚ್ಚಿ. ಪ್ರಶ್ನೆ ಕೇಳಿದವರು ಹೊಳಪು ಬೇಕು ಎಂದರೇ ಹೊರತು ಬಣ್ಣ ಬದಲಾಗಬೇಕು ಎನ್ನಲಿಲ್ಲ, ಅದು ನನಗೆ ಸಮಾಧಾನ ತಂದಿತು.

ಬಣ್ಣದ ಪೆಟ್ಟಿಗೆ:
ನಡುಹಗಲು ಅವರ ಎರಡೂ ಮಾತುಗಳಿಗೆ ನನ್ನ ಪೂರ್ಣ ಸಹಮತವಿದೆ. ಹೈಲೈಟರ್ ಬಗ್ಗೆ ಇನ್ನೂ ಎರಡು ಅಂಶ. ಅದರ ಮಿನುಗು ಬಹುಮಟ್ಟಿಗೆ ಅಭ್ರಕವೆಂಬ ಖನಿಜದ ಪುಡಿಯಿಂದ ಬರುತ್ತದೆ. ಕಣ ಸಣ್ಣದಾದಷ್ಟೂ ರೇಷ್ಮೆಯಂಥ ಕಾಂತಿ. ದೊಡ್ಡದಾದರೆ ಫ್ಲಾಶ್ ಬಿದ್ದಾಗ ಒಂದೊಂದು ಕಣವೂ ಬೇರೆ ಬೇರೆ ಚುಕ್ಕೆಯಾಗಿ ಉರಿದು, ಒಡವೆಯ ಚಿತ್ರದಲ್ಲಿ ಕಲ್ಲಿನ ಹೊಳಪಿನೊಡನೆ ಪೈಪೋಟಿಗೆ ಇಳಿಯುತ್ತದೆ. ಇನ್ನೊಂದು, ಜಾರ್ಖಂಡ್ ಮತ್ತು ಬಿಹಾರದ ಅಭ್ರಕದ ಗಣಿಗಳಲ್ಲಿ ಮಕ್ಕಳು ದುಡಿಯುವುದು ವರ್ಷಗಳಿಂದ ವರದಿಯಾಗುತ್ತ ಬಂದಿದೆ. ಲೇಬಲ್ಲಿನಲ್ಲಿ ‘ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್’ ಎಂದಿದ್ದರೆ ಅದು ಕಾರ್ಖಾನೆಯಲ್ಲಿ ತಯಾರಿಸಿದ ಅಭ್ರಕ. ನಾನು ಅದನ್ನೇ ಹುಡುಕಿ ಕೊಳ್ಳುತ್ತೇನೆ, ಬೇರೆಯವರೂ ಒಮ್ಮೆ ಲೇಬಲ್ ತಿರುಗಿಸಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಸನ್‌ಸ್ಕ್ರೀನ್ ಬೆರೆತ ಲೋಷನ್ ಬೇಡ. ಅದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇದ್ದರೆ ಫ್ಲಾಶಿನಲ್ಲಿ ಕಪ್ಪು ಚರ್ಮ ಮಾಸಲು ಬಿಳಿಯಾಗಿ ಬರುತ್ತದೆ.

ಕರಾವಳಿ ಕ್ಯಾಮೆರಾ:
ರೇಷ್ಮೆ ಸೀರೆ ಮತ್ತು ಅರಗಿನ ಒಡವೆಯ ಮಾತು ಒಪ್ಪತಕ್ಕದ್ದೇ. ಆದರೂ ಕೊಬ್ಬರಿ ಎಣ್ಣೆಯನ್ನು ಪೂರ್ತಿ ಕೈಬಿಡಲು ನಾನು ಸಿದ್ಧನಿಲ್ಲ. ಗಟ್ಟಿಯಾಗುವುದು ಬಾಟಲಿಯಲ್ಲಿ ಮಾತ್ರ. ಚರ್ಮದ ಮೇಲ್ಮೈ 30 ಡಿಗ್ರಿಗಿಂತ ಬೆಚ್ಚಗಿರುವುದರಿಂದ ಮೈಮೇಲೆ ಅದು ದ್ರವವಾಗಿಯೇ ಉಳಿಯುತ್ತದೆ. ಹತ್ತಿ ಉಡುಗೆಯ ಹೊರಾಂಗಣ ಚಿತ್ರಗಳಿಗೆ, ಮೀನುಗಾರರ, ಕುಸ್ತಿಪಟುಗಳ ಭಾವಚಿತ್ರಗಳಿಗೆ ಅದೇ ನನ್ನ ಮೊದಲ ಆಯ್ಕೆಯಾಗಿ ಉಳಿಯುತ್ತದೆ. ಕಡಲ ದಂಡೆಯಲ್ಲಿ ಮಾತ್ರ ಯಾವ ಎಣ್ಣೆಯೂ ಬೇಡ, ಮರಳೆಲ್ಲ ಮೈಗೆ ಅಂಟುತ್ತದೆ. ಗ್ಲಿಸರಿನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಬಣ್ಣದ ಪೆಟ್ಟಿಗೆ:
ಗ್ಲಿಸರಿನ್‌ಗೆ ಸಮಪಾಲು ನೀರು ಬೆರೆಸಿ ಸಿಂಪಡಿಸಿದರೆ ಹನಿಗಳು ಬೇಗ ಆರದೆ ನಿಲ್ಲುತ್ತವೆ. ವ್ಯಾಯಾಮದ, ಮಳೆಯ, ಬೆವರಿನ ಚಿತ್ರಕ್ಕೆ ಅದು ಸರಿ. ಇಲ್ಲಿ ಬೆವರಿದಂತೆ ಕಾಣಬಾರದು ಎಂದಿದ್ದಾರೆ, ಜೊತೆಗೆ ಅದು ಅಂಟಂಟು.

ಬೆಳಕಿನಬೇಟೆ:
ಎಲ್ಲರಿಗೂ ಕೃತಜ್ಞತೆಗಳು. ರೂಪದರ್ಶಿಯವರಿಗೆ ಇಂದೇ ಕರೆ ಮಾಡಿ ಅಲರ್ಜಿಯ ಬಗ್ಗೆ ವಿಚಾರಿಸಿದೆ. ಸುಗಂಧವಿಲ್ಲದ್ದಾದರೆ ಅಡ್ಡಿಯಿಲ್ಲ ಎಂದರು. ಡ್ರೈ ಆಯಿಲ್ಲಿನ ಚಿಕ್ಕ ಬಾಟಲಿಯನ್ನು ನಾಳೆ ಅವರಿಗೆ ತಲುಪಿಸುತ್ತೇನೆ. ದೊಡ್ಡ ಸಾಫ್ಟ್‌ಬಾಕ್ಸನ್ನು ಬದಿಯಲ್ಲಿ, ಚೌಕಟ್ಟಿಗೆ ತಾಗುವಷ್ಟು ಹತ್ತಿರ ನಿಲ್ಲಿಸುವ ಯೋಚನೆಯಿದೆ. ಹಣತೆಯ ಚಿತ್ರಗಳನ್ನು ಮೊದಲು ತೆಗೆಯಬೇಕೇ, ಕೊನೆಗೆ ತೆಗೆಯಬೇಕೇ?

ಬಣ್ಣದ ಪೆಟ್ಟಿಗೆ:
ಖಂಡಿತವಾಗಿ ಮೊದಲು, ಮೈಗೆ ಏನನ್ನೂ ಹಚ್ಚುವ ಮುನ್ನವೇ. ಎಣ್ಣೆ ಹೀರಿದ ಸೆರಗಿಗೆ ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತದೆ. ಡ್ರೈ ಆಯಿಲ್ ಸ್ಪ್ರೇಗಳಲ್ಲಿ ಹಲವು ಉರಿಯುವ ಅನಿಲ ತುಂಬಿದವು, ಅವನ್ನು ದೀಪವಿರುವ ಕೋಣೆಯಲ್ಲಿ ಒತ್ತಲೇಬಾರದು. ಹಣತೆಯ ಬೆಳಕಿನಲ್ಲಿ ಒಣ ಚರ್ಮವೂ ಸಾಕಷ್ಟು ಬೆಚ್ಚಗೆ ಕಾಣುತ್ತದೆ, ಚಿಂತೆ ಬೇಡ. ಕೆಲಸ ಮುಗಿದ ಮೇಲೆ ರೂಪದರ್ಶಿಯವರನ್ನು ಹಾಗೆಯೇ ಮನೆಗೆ ಕಳುಹಿಸಬೇಡಿ. ಮೊದಲು ಒಡವೆ ಕಳಚಿಸಿ, ಆಮೇಲೆ ಒಣ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಸೀರೆ ಬದಲಿಸಿದ ಬಳಿಕ ಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪು ಸಿಗುವ ವ್ಯವಸ್ಥೆ ಸ್ಟುಡಿಯೋದಲ್ಲೇ ಇರಲಿ. ಅವರು ಕಡಲೆ ಹಿಟ್ಟು ಬಳಸುವವರಾದರೆ ಅದನ್ನೂ ತರಿಸಿಡಿ.